ಕೊನೆಯ ಬೆಂಚಿನಲ್ಲಿ ಕೂತ ಬಿಟಿಎಂ ಬ್ರಾಂಚ್

ಒಂದು ಲಕ್ಷ ಎಪ್ಪತ್ತೆರಡು ಸಾವಿರದ ಐನೂರು ರೂಪಾಯಿ. 2006ರ ಜುಲೈನಲ್ಲಿ, ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಟ್ಯುಟೋರಿಯಲ್ಲಿನಲ್ಲಿ ಮೇಷ್ಟ್ರು ಮಾಡುತ್ತಿದ್ದ ಪಾಠವನ್ನು ಬಿಟಿಎಂ ಲೇಔಟಿನ ಬ್ರಾಂಚಿನಲ್ಲಿ ಪರದೆಯ ಮೇಲೆ ತೋರಿಸಲು ನನಗೆ ತಗಲಿದ ಖರ್ಚು ಇದು. ಪ್ರೊಜೆಕ್ಟರಿಗೆ ಅರವತ್ತೆರಡು ಸಾವಿರ, ಕಂಪ್ಯೂಟರ್ ಮತ್ತು ಕ್ಯಾಮೆರಾಕ್ಕೆ ನಲವತ್ತೆಂಟು, ಮೈಕು, ಸ್ಪೀಕರು, ವೈರುಗಳಿಗೆ ಹದಿನಾಲ್ಕೂವರೆ, ಎರಡು ಕಟ್ಟಡಗಳ ನಡುವಿನ ಇಂಟರ್ನೆಟ್ ಲೈನಿನ ಡಿಪಾಸಿಟ್ಟು ಮತ್ತು ಮೊದಲ ಮೂರು ತಿಂಗಳ ಬಾಡಿಗೆಗೆ ಇನ್ನೊಂದು ನಲವತ್ತೆಂಟು. ಮೊದಲ ಕೊಟೇಶನ್ನು ಎರಡು ಲಕ್ಷ ಹದಿನೆಂಟು ಸಾವಿರಕ್ಕೆ ಬಂದಿತ್ತು. ನಲವತ್ತೈದೂವರೆ ಸಾವಿರ ಇಳಿಸಿದೆ ಎಂದು ಆಗ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಇಳಿಸಿದ್ದು ಏನನ್ನು ಎಂಬುದು ತಿಳಿಯಲು ಒಂದೂವರೆ ತಿಂಗಳು ಹಿಡಿಯಿತು.

ನನ್ನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1991ರಲ್ಲಿ ನಾನು ಜಯನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ತಿಂಗಳಿಗೆ ಆರುನೂರು ರೂಪಾಯಿಗೆ ಕೆಲಸಕ್ಕೆ ಸೇರಿದೆ. ಯಜಮಾನರು ಅಂಗಡಿ ಮುಚ್ಚಲು ಹೊರಟಾಗ ಹನ್ನೊಂದು ಟೈಪ್‌ರೈಟರುಗಳನ್ನು ಕಂತಿನ ಮೇಲೆ ನಾನೇ ಕೊಂಡೆ. ಕಂಪ್ಯೂಟರಿನ ಕಾಲ ಬಂದಾಗ ಅವನ್ನು ಮಾರಿ ನಾಲ್ಕು ಕಂಪ್ಯೂಟರು ತಂದೆ. ಬೀದಿಗೊಂದು ಕಂಪ್ಯೂಟರ್ ಸೆಂಟರ್ ಆದಾಗ ಪಿಯುಸಿ ಕಾಮರ್ಸ್ ಟ್ಯೂಷನ್ನಿಗೆ ಹೊರಳಿದೆ. ಡಿಗ್ರಿ ಓದಿದವಳಲ್ಲ. ಆದರೆ ಯಾವ ವಸ್ತುವಿಗೆ ಎಷ್ಟು ಬೆಲೆ ಎಂಬುದು ನನಗೆ ಬೇಗ ತಿಳಿಯುತ್ತದೆ, ಹಾಗೆಂದೇ ನಂಬಿದ್ದೆ.

ಟ್ಯೂಷನ್ನಿಗೆ ಹೆಸರು ತಂದವರು ನಾಗಭೂಷಣ ಮೇಷ್ಟ್ರು. ಕಾಲೇಜಿನಿಂದ ನಿವೃತ್ತರಾದವರು, ಅಕೌಂಟೆನ್ಸಿ ಅವರ ವಿಷಯ. ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು ಎಂದು ಬರೆಯುತ್ತ ಹೋದರೆ, ಎಂಥ ದಡ್ಡನಿಗೂ ಎರಡು ಕಡೆಯ ಮೊತ್ತ ಯಾಕೆ ಸರಿಹೊಂದಬೇಕು ಎಂಬುದು ಹೊಳೆಯುತ್ತಿತ್ತು. ಅವರದೊಂದು ಪದ್ಧತಿ. ಪ್ರತಿ ಹೆಜ್ಜೆಗೂ ಸೀಮೆಸುಣ್ಣ ಕೆಳಗಿಟ್ಟು, ತಿರುಗಿ, ಕೊನೆಯ ಬೆಂಚಿನವರ ಮುಖ ನೋಡಿ "ಆಯ್ತಾ?" ಎಂದು ಕೇಳುವರು. ಹುಡುಗರು ಒಟ್ಟಾಗಿ "ಆಯ್ತು ಸಾರ್" ಎನ್ನಬೇಕು. ಅದು ಬರುವವರೆಗೆ ಮುಂದಿನ ಸಾಲು ಬರೆಯುತ್ತಿರಲಿಲ್ಲ.

ಆ ವೇಳೆಗೆ ಬಿಟಿಎಂ ಎರಡನೇ ಹಂತದಲ್ಲಿ ಒಂದು ಬೇಕರಿಯ ಮೇಲೆ ಹಾಲ್ ಬಾಡಿಗೆಗೆ ಹಿಡಿದಿದ್ದೆ. ಅಲ್ಲಿ ಬಂದವರು ಕಾಲೇಜು ಹುಡುಗರಲ್ಲ. ಬಾಗಲಕೋಟೆ, ವಿಜಾಪುರ, ಗದಗದ ಕಡೆಯಿಂದ ಬಂದು ಮಡಿವಾಳದ ಆಸುಪಾಸಿನಲ್ಲಿ ರೂಮು ಮಾಡಿಕೊಂಡು, ಆಫೀಸು, ಆಸ್ಪತ್ರೆ, ಶೋರೂಮುಗಳಲ್ಲಿ ದುಡಿಯುತ್ತಿದ್ದವರು. ಊರಿನಲ್ಲಿ ಪಿಯುಸಿಯ ಒಂದೋ ಎರಡೋ ಸಬ್ಜೆಕ್ಟಿನಲ್ಲಿ ಫೇಲಾದವರು. ಮೂವತ್ನಾಲ್ಕು ಜನ ಸೇರಿದರು. ಎಲ್ಲರೂ ಕೇಳಿದ್ದು ಒಂದೇ: ಜಯನಗರದ ಮೇಷ್ಟ್ರೇ ಪಾಠ ಮಾಡುತ್ತಾರಾ?

ಮೇಷ್ಟ್ರನ್ನು ಕೇಳಿದೆ. "ಸುಮಿತ್ರಮ್ಮ, ಸಂಜೆ ಹೊತ್ತು ಬನ್ನೇರುಘಟ್ಟ ರಸ್ತೆ ದಾಟಿ ಬಿಟಿಎಂಗೆ ಹೋಗಿ ಬರೋದ್ರಲ್ಲಿ ನನ್ನ ಮಂಡಿ ಕಳಚಿ ಆಟೋದಲ್ಲೇ ಉಳಿಯುತ್ತೆ. ಬೇರೆ ಏನಾದ್ರೂ ಉಪಾಯ ನೋಡಿ" ಎಂದರು.

ಉಪಾಯ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಬಂತು. ಹಿಂದೆ ನನಗೆ ಕಂಪ್ಯೂಟರು ಕೊಟ್ಟಿದ್ದ ಇಮ್ತಿಯಾಜ್, ವಿಡಿಯೋ ಕ್ಲಾಸ್‌ರೂಮ್ ಎಂಬುದೊಂದಿದೆ ಎಂದು ಕೊಟೇಶನ್ ಹಿಡಿದು ಬಂದ. ಒಂದು ಕಡೆ ಕ್ಯಾಮೆರಾ ಮುಂದೆ ಪಾಠ, ಇನ್ನೊಂದು ಕಡೆ ಪರದೆಯ ಮೇಲೆ ಅದೇ ಹೊತ್ತಿಗೆ ಅದೇ ಪಾಠ. ಪಟ್ಟಿಯನ್ನು ನಾನು ಎರಡು ಸಲ ಓದಿದೆ.

"ಇದೇನ್ರೀ ಇಮ್ತಿಯಾಜ್, ಎರಡೆರಡು ಕ್ಯಾಮೆರಾ? ಪಾಠ ಮಾಡೋರು ಒಬ್ಬರೇ ತಾನೆ?"

"ಮೇಡಂ, ಇನ್ನೊಂದು ಬಿಟಿಎಂ ಹುಡುಗರ ಕಡೆ. ಆ ಕಡೆ ಒಂದು ಮೈಕು, ಈ ಕಡೆ ಒಂದು ಟೀವಿ. ಮೇಷ್ಟ್ರಿಗೆ ಹುಡುಗರು ಕಾಣ್ಬೇಕಲ್ಲ."

"ಹುಡುಗರಿಗೆ ಮೇಷ್ಟ್ರು ಕಂಡರೆ ಸಾಕು. ಮೇಷ್ಟ್ರು ಹುಡುಗರನ್ನ ನೋಡಿ ಏನು ಮಾಡ್ತಾರೆ, ಹೆಣ್ಣು ಗೊತ್ತು ಮಾಡ್ತಾರಾ? ಅದಕ್ಕೆಷ್ಟು?"

"ಮೂವತ್ತೆಂಟು ಸಾವಿರ."

"ತೆಗೀರಿ ಅದನ್ನ. ಉಳಿದದ್ದರಲ್ಲೂ ಹತ್ತು ಬಿಡಿ."

"ಹತ್ತು ಬಿಟ್ರೆ ನಾನು ಅಂಗಡಿಗೆ ನಡ್ಕೊಂಡೇ ಹೋಗ್ಬೇಕು ಮೇಡಂ. ಏಳೂವರೆ."

ಏಳೂವರೆಗೆ ಕುದುರಿತು. ಹೋಗುವಾಗ ಅವನು ಬಾಗಿಲಲ್ಲಿ ನಿಂತು, "ಆ ಎರಡನೇ ಕ್ಯಾಮೆರಾ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದ. ವ್ಯಾಪಾರಿಗಳು ಹೋಗುವಾಗ ಹೀಗೆ ಏನೋ ಒಂದು ಅನ್ನುತ್ತಾರೆ ಎಂದುಕೊಂಡೆ.

ಮೊದಲ ದಿನ ಬಿಟಿಎಂ ಹಾಲಿನಲ್ಲಿ ತೆಂಗಿನಕಾಯಿ ಒಡೆದು, ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿ ಹಂಚಿದೆ. ಯಾರ ತಲೆಯೂ ಅಡ್ಡ ಬರಬಾರದೆಂದು ಪರದೆಯನ್ನು ಸೂರಿಗೆ ಹತ್ತಿರವಾಗಿ ಕಟ್ಟಿಸಿದ್ದೆ. ಆರೂಮುಕ್ಕಾಲಕ್ಕೆ ಮೇಷ್ಟ್ರ ಮುಖ ಅಲ್ಲಿ ಮೂಡಿದಾಗ ಮೂವತ್ನಾಲ್ಕು ಜನವೂ ಚಪ್ಪಾಳೆ ತಟ್ಟಿದರು. "ಸಖತ್ತಾಗಿದೆ ಗುರು" ಎಂದು ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ರಾತ್ರಿ ಗೊಟ್ಟಿಗೆರೆಯಲ್ಲಿ ಒಂದು, ಪುಟ್ಟೇನಹಳ್ಳಿಯಲ್ಲಿ ಒಂದು ಬ್ರಾಂಚ್ ತೆರೆದರೆ ಹೇಗೆ ಎಂದು ಲೆಕ್ಕ ಹಾಕುತ್ತ ಮಲಗಿದೆ.

ಎರಡನೇ ವಾರ ಇಪ್ಪತ್ತೆಂಟು ಜನ ಬಂದರು. ಮೂರನೇ ವಾರ ಇಪ್ಪತ್ತೆರಡು.

ಚಿತ್ರ ಸರಿಯಿಲ್ಲ ಎಂದು ತೀರ್ಮಾನಿಸಿದೆ. ನಿಜವಾಗಿಯೂ ಮೇಷ್ಟ್ರು ಕೈ ಎತ್ತಿದರೆ ಐದು ಕೈಗಳ ನೆರಳು ಕಾಣುತ್ತಿತ್ತು. ತಿಂಗಳಿಗೆ ಆರು ಸಾವಿರ ಹೆಚ್ಚು ತೆತ್ತು ದೊಡ್ಡ ಲೈನ್ ಹಾಕಿಸಿದೆ. ಸೀಮೆಸುಣ್ಣದ ಪುಡಿ ಉದುರುವುದೂ ಕಾಣುವಷ್ಟು ಚಿತ್ರ ಸ್ಪಷ್ಟವಾಯಿತು. ಬರುವವರ ಸಂಖ್ಯೆ ಮೇಲೇಳಲಿಲ್ಲ. ಆಮೇಲೆ, ವಿದ್ಯಾರ್ಥಿಗಳನ್ನೇ ಕೇಳಿಬಿಡೋಣ ಎಂದು ಒಂದು ಹಾಳೆಯ ಪ್ರಶ್ನಾವಳಿ ಅಚ್ಚು ಹಾಕಿಸಿದೆ. ವಿಡಿಯೋ ಪಾಠ ಹೇಗಿದೆ: ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಇಪ್ಪತ್ತೆರಡು ಜನವೂ 'ತುಂಬಾ ಚೆನ್ನಾಗಿದೆ' ಎಂದು ಗುರುತು ಹಾಕಿ, ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟು ಹೋದರು. ಮುಂದಿನ ವಾರ ಅವರಲ್ಲಿ ಒಂಬತ್ತು ಜನ ಬರಲಿಲ್ಲ.

ಉಳಿದ ಹದಿಮೂರು ಜನರಲ್ಲಿ ಒಬ್ಬಳು ಶಿವಲೀಲಾ. ಹುನಗುಂದದ ಕಡೆಯವಳು, ಇಪ್ಪತ್ನಾಲ್ಕು ವರ್ಷ. ಮಡಿವಾಳದ ಒಂದು ನರ್ಸಿಂಗ್ ಹೋಮಿನ ಬಿಲ್ಲಿಂಗ್ ಕೌಂಟರಿನಲ್ಲಿ ದಿನಗೂಲಿಯ ಮೇಲೆ ಕೂರುತ್ತಿದ್ದಳು. ಆಗಸ್ಟ್ ಕೊನೆಯಲ್ಲಿ ಒಂದು ಬೆಳಗ್ಗೆ ಜಯನಗರದ ಆಫೀಸಿಗೇ ಬಂದು, ಕುರ್ಚಿಯ ಅಂಚಿನಲ್ಲಿ ಕೂತಳು.

"ಮೇಡಂ, ನಾ ಬಿಡ್ತೀನ್ರಿ. ಅರ್ಧಾ ಫೀಸ್ ವಾಪಸ್ ಕೊಡ್ರಿ. ಮಡಿವಾಳದಾಗ ಇನ್ನೊಂದ್ ಟ್ಯೂಷನ್ ಐತಿ, ಅಲ್ಲಿ ಸೇರ್ಕೋತೀನಿ."

"ಫೀಸ್ ವಾಪಸ್ ಕೊಡೋ ಪದ್ಧತಿ ಇಲ್ಲಮ್ಮ. ರಸೀದಿ ಹಿಂದುಗಡೆ ಬರೆದಿದೆ ನೋಡು."

"ಓದೀನ್ರಿ. ನಾನೂ ದಿನಾ ಬಿಲ್ಲಿನ ಹಿಂದ ಅದನ್ನ ತೋರಸ್ತೀನಿ ಮಂದಿಗೆ. ಅದಕ್ಕ ಅರ್ಧಾ ಕೇಳಾಕತ್ತೀನಿ, ಪೂರ್ತಿ ಅಲ್ಲ."

ನನಗೆ ನಗು ಬಂತು. ಕಾಫಿ ತರಿಸಿದೆ. ಕಾಫಿ ಕುಡಿಯುವಷ್ಟರಲ್ಲಿ ವಿಷಯ ತಿಳಿಯಿತು. ನರ್ಸಿಂಗ್ ಹೋಮಿನಲ್ಲಿ ಅಕೌಂಟ್ಸ್ ಸೆಕ್ಷನ್ನಿಗೆ ಒಂದು ಕಾಯಂ ಹುದ್ದೆ ಇತ್ತು. ಮಾರ್ಚ್ ಪರೀಕ್ಷೆಯಲ್ಲಿ ಪಿಯುಸಿ ಪಾಸ್ ಮಾಡಿಕೊಂಡರೆ ಅದು ಅವಳಿಗೆ, ಇಲ್ಲವಾದರೆ ಹೊರಗಿನವರಿಗೆ ಎಂದು ಮ್ಯಾನೇಜರ್ ಹೇಳಿದ್ದರು. ಅಕೌಂಟೆನ್ಸಿಯಲ್ಲಿ ಅವಳು ಎರಡು ಸಲ ಫೇಲಾಗಿದ್ದಳು: ಒಮ್ಮೆ ಇಪ್ಪತ್ತೊಂಬತ್ತು, ಒಮ್ಮೆ ಮೂವತ್ತೊಂದು. ಪಾಸಿಗೆ ಮೂವತ್ತೈದು ಬೇಕು.

"ಮೇಷ್ಟ್ರ ಪಾಠ ಚೆನ್ನಾಗಿಲ್ವಾ?" ಎಂದೆ.

"ಭಾಳ ಚಲೋ ಹೇಳ್ತಾರ್ರಿ. ಆದ್ರ ನಮಗ ಹೇಳವಲ್ರು. ಜಯನಗರದ ಹುಡುಗೂರಿಗೆ ಹೇಳಾಕತ್ತಾರ, ನಾವು ಕಿಡಕ್ಯಾಗಿಂದ ನೋಡಾಕತ್ತೀವಿ."

"ಮತ್ತೆ ಫಾರಂನಲ್ಲಿ ತುಂಬಾ ಚೆನ್ನಾಗಿದೆ ಅಂತ ಯಾಕೆ ಬರ್ದೆ?"

"ಮುಂದ ನಿಂತು ಕಾಗದಾ ಕೊಟ್ರ ಮತ್ತ್ ಏನ್ ಬರಿಯೂದ್ರಿ, ಊಟ ಹಾಕಿದವರಿಗೆ ಉಪ್ಪು ಕಡಿಮಿ ಅಂದಂಗ ಆಗೂದಿಲ್ಲೇನ್ರಿ."

ಅವಳೊಂದಿಗೆ ಒಂದು ಒಪ್ಪಂದ ಮಾಡಿಕೊಂಡೆ. ಒಂದು ತಿಂಗಳು ಇರಬೇಕು. ಆ ಮೇಲೂ ಬೇಡವೆನಿಸಿದರೆ ಅರ್ಧ ಕೊಡುತ್ತೇನೆ. ಅವಳು ಯೋಚಿಸಿ, "ಅರ್ಧಾ ಅಲ್ರಿ, ಆಗ ಪೂರ್ತಿ ಕೊಡಬೇಕಾಗ್ತದ. ತಿಂಗಳಾ ಹೋಗಿರ್ತದ ನಂದು" ಎಂದಳು. ಹದಿನೈದು ವರ್ಷ ಚೌಕಾಸಿ ಮಾಡಿದ ನಾನು ಒಪ್ಪಿಕೊಂಡೆ, ಯಾಕೆಂದರೆ ಅವಳು ಹೇಳಿದ್ದು ನ್ಯಾಯವಾಗಿತ್ತು.

ಅಂದು ಸಂಜೆ ಯಾರಿಗೂ ಹೇಳದೆ ಬಿಟಿಎಂಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಆರು ವಾರದಲ್ಲಿ ಒಂದು ಪೂರ್ತಿ ಪಾಠ ಅಲ್ಲಿ ಕೂತು ಕೇಳಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಹೋದಾಗಲೆಲ್ಲ ಬಾಗಿಲಲ್ಲಿ ನಿಂತು, ಪರದೆ ಬೆಳಗುತ್ತಿದೆಯೇ ಎಂದು ನೋಡಿ, ಬೇಕರಿಯವನ ಹತ್ತಿರ ಬಾಡಿಗೆಯ ಮಾತಾಡಿ ಬಂದುಬಿಡುತ್ತಿದ್ದೆ.

ಪಾಠ ಶುರುವಾಯಿತು. ಪಾಲುದಾರಿಕೆಯ ವ್ಯವಹಾರಕ್ಕೆ ಹೊಸ ಪಾಲುದಾರ ಸೇರುವ ಲೆಕ್ಕ. ಮೇಷ್ಟ್ರು ಗೆರೆ ಎಳೆದರು, ಬರೆದರು, ಸೀಮೆಸುಣ್ಣ ಇಟ್ಟರು, ತಿರುಗಿದರು. "ಆಯ್ತಾ?" ಜಯನಗರದ ಹುಡುಗರ "ಆಯ್ತು ಸಾರ್" ಸ್ಪೀಕರಿನಲ್ಲಿ ಮೊಳಗಿತು. ಮೇಷ್ಟ್ರು ಬೋರ್ಡು ಒರೆಸಿ ಮುಂದಿನದಕ್ಕೆ ಹೋದರು. ನನ್ನ ಮುಂದೆ ಕೂತಿದ್ದ ಶೋರೂಮಿನ ಹುಡುಗ ಆಗ ತಾನೇ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದ. ಎರಡನೇ "ಆಯ್ತಾ?" ಬರುವ ಹೊತ್ತಿಗೆ ಅವನು ಪೆನ್ನು ಮುಚ್ಚಿದ. ಪಕ್ಕದವನು ಪುಸ್ತಕ ತೆರೆದೇ ಇರಲಿಲ್ಲ. ಕಾಲು ಚಾಚಿ, ತಲೆ ಹಿಂದಕ್ಕೆ ಒರಗಿಸಿ, ಸಲೂನಿನಲ್ಲಿ ತನ್ನ ಸರದಿ ಕಾಯುವವನು ಟೀವಿ ನೋಡುವಂತೆ ನೋಡುತ್ತಿದ್ದ. ಇನ್ನೊಬ್ಬ ಪಫ್ಸ್ ತಿನ್ನುತ್ತಿದ್ದ. ಮೇಷ್ಟ್ರ ಮುಂದೆ ಯಾರಾದರೂ ಪಫ್ಸ್ ತಿಂದಿದ್ದರೆ ಪಫ್ಸಿನ ಸಮೇತ ಮೆಟ್ಟಿಲಿಳಿಯಬೇಕಿತ್ತು.

ಮಧ್ಯದಲ್ಲಿ ಶಿವಲೀಲಾ ಒಮ್ಮೆ ಪರದೆಗೆ ಹೇಳಿದಳು, "ನಿಲ್ರಿ ಸರ, ಆಗಿಲ್ಲ." ಪಕ್ಕದವನು, "ಏ ಅಕ್ಕಾ, ಅವರಿಗೇನ್ ಕೇಳಸ್ತದ? ಸಿನೆಮಾದಾಗ ಹೀರೋಗ ವಿಲನ್ ಹಿಂದ ಅದಾನ ಅಂತ ಹೇಳಿದಂಗ ಆತು" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಪೆನ್ನು ಕೆಳಗಿಟ್ಟಳು.

ಮರುದಿನ ಬೆಳಗ್ಗೆ ಮೇಷ್ಟ್ರನ್ನು ಹಿಡಿದೆ. "ಬಿಟಿಎಂ ಅವರು ಹಿಂದೆ ಬೀಳ್ತಿದ್ದಾರೆ ಸಾರ್. ನೀವು ಸ್ವಲ್ಪ ಕ್ಯಾಮೆರಾ ನೋಡಿ ಪಾಠ ಮಾಡಬಾರದಾ?"

"ನೋಡ್ದೆ ಕಣಮ್ಮ, ಮೊದಲ ಒಂದು ವಾರ. ಕ್ಯಾಮೆರಾ ತಲೆ ಆಡ್ಸುತ್ತಾ? ಆಕಳಿಸುತ್ತಾ? ನನಗೆ ಆ ಕಡೆ ಮನುಷ್ಯರು ಇದ್ದಾರೋ ಇಲ್ವೋ ಹೇಗೆ ಗೊತ್ತಾಗ್ಬೇಕು? ಗೋಡೆಗೆ ಬ್ಯಾಲೆನ್ಸ್ ಶೀಟ್ ಹೇಳ್ಕೊಡೋ ವಯಸ್ಸಲ್ಲ ನಂದು."

ಮೂವತ್ತೆಂಟು ಸಾವಿರ ಉಳಿಸಿ ನಾನು ಏನನ್ನು ಕತ್ತರಿಸಿದ್ದೆ ಎಂಬುದು ಅಲ್ಲಿ, ಆ ಖಾಲಿ ಕ್ಲಾಸಿನಲ್ಲಿ, ಅರ್ಥವಾಯಿತು. ಬಿಟಿಎಂನವರು ಫೀಸ್ ಕಟ್ಟಿದ್ದು ಮೇಷ್ಟ್ರನ್ನು ನೋಡುವುದಕ್ಕಲ್ಲ, ಮೇಷ್ಟ್ರ ಕಣ್ಣಿಗೆ ಬೀಳುವುದಕ್ಕೆ. ಅವರ ನಿಧಾನಕ್ಕೆ ಕಾಯುವ ಮೇಷ್ಟ್ರು ಅವರಿಗೆ ಬೇಕಿತ್ತು. ನಾನು ಕೊಟ್ಟದ್ದು ಬೇರೆಯವರ ವೇಗಕ್ಕೆ ಓಡುವ ಚಿತ್ರ.

ಇಮ್ತಿಯಾಜ್‌ಗೆ ಫೋನ್ ಮಾಡಿದೆ. "ಆ ಎರಡನೇ ಕ್ಯಾಮೆರಾ" ಎಂದೆ.

"ಮೇಡಂ, ನಾನು ಬಾಗಿಲಲ್ಲಿ ನಿಂತು ಹೇಳ್ದೆ" ಎಂದ.

"ಹೇಳಿದ್ರಿ. ಈಗ ಎಷ್ಟು?"

"ಅದೇ ಮೂವತ್ತೆಂಟು. ನಲವತ್ತು ಕೇಳ್ಬೋದಿತ್ತು, ಹಳೇ ಗಿರಾಕಿ ನೀವು."

ನನ್ನ ಜೀವನದಲ್ಲಿ ಮೊದಲ ಬಾರಿಗೆ ಬೆಲೆ ಕೇಳಿ ಜಾಸ್ತಿಯಾಯಿತು ಎನ್ನಲಿಲ್ಲ. ಆದರೂ ಅಭ್ಯಾಸ ಬಿಡಲಿಲ್ಲ. ಟೀವಿ ನಮ್ಮ ಮನೆಯದೇ ತರುತ್ತೇನೆಂದು ಹೇಳಿ ಹತ್ತು ಸಾವಿರ ಇಳಿಸಿದೆ. ಮನೆಯ ಇಪ್ಪತ್ತೊಂದು ಇಂಚಿನ ದಪ್ಪ ಟೀವಿಯನ್ನು ಆಟೋಕ್ಕೆ ಹತ್ತಿಸುವಾಗ ನಮ್ಮತ್ತೆ ಗೇಟಿನ ಹತ್ತಿರ ನಿಂತು, "ನನ್ನ ಸೀರಿಯಲ್ ಹುಡುಗಿಗೆ ಮದುವೆ ನಿಶ್ಚಯ ಆಗೋ ವಾರನೇ ಬೇಕಿತ್ತಾ ನಿಂಗೆ?" ಎಂದರು. ಪಕ್ಕದ ಮನೆಯವರ ಹತ್ತಿರ ಮಾತಾಡಿ, ದಿನಾ ಸಂಜೆ ಅವರಿಗೆ ಅಲ್ಲಿ ಒಂದು ಕುರ್ಚಿ ಹಾಕಿಸುವ ವ್ಯವಸ್ಥೆ ಮಾಡಿದೆ. ಅದು ಬೇರೆಯದೇ ಚೌಕಾಸಿ.

ಟೀವಿ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಇಮ್ತಿಯಾಜ್ ಕ್ಯಾಮೆರಾದ ಪಕ್ಕದಲ್ಲಿ ಸ್ಟ್ಯಾಂಡ್ ಹಾಕೋಣ ಎಂದ. ನಾನು ಬೇಡವೆಂದೆ. ಮೇಷ್ಟ್ರು ಇಷ್ಟು ವರ್ಷಗಳಿಂದ "ಆಯ್ತಾ?" ಎಂದು ಕೇಳುವಾಗ ಕಣ್ಣಿಡುವ ಜಾಗ ಒಂದೇ. ಕೊನೆಯ ಬೆಂಚು. ಆ ಬೆಂಚಿನಲ್ಲಿದ್ದ ನಾಲ್ವರು ಹುಡುಗರನ್ನು ಎಬ್ಬಿಸಿ ಮುಂದೆ ಕೂರಿಸಿ, ಟೀವಿಯನ್ನು ಬೆಂಚಿನ ಮೇಲೆ ಇಟ್ಟೆವು. ಮೇಷ್ಟ್ರನ್ನು ತೋರಿಸುವ ಹಳೆಯ ಕ್ಯಾಮೆರಾವನ್ನು ಅದರ ತಲೆಯ ಮೇಲೆ ಕೂರಿಸಿ, ಹೊಸದನ್ನು ಮೈಕಿನ ಸಮೇತ ಬಿಟಿಎಂ ಹಾಲಿನಲ್ಲಿ ಹುಡುಗರ ಕಡೆ ತಿರುಗಿಸಿದೆವು. ಮೇಷ್ಟ್ರು ಆ ಬೆಂಚು ನೋಡಿದರೆ ಬಿಟಿಎಂನವರ ಕಣ್ಣು ನೋಡಿದಂತೆ. ಬಿಟಿಎಂನಲ್ಲಿ ಪರದೆಯನ್ನು ಸೂರಿನಿಂದ ಬಿಚ್ಚಿ, ಬೋರ್ಡು ಇರುವ ಎತ್ತರಕ್ಕೆ ಇಳಿಸಿದೆವು. ಮೇಷ್ಟ್ರ ಕಾಲು ನೆಲ ಮುಟ್ಟುವಂತೆ, ಆಳೆತ್ತರಕ್ಕೆ ಚಿತ್ರ ಮೂಡಿಸಿದೆವು.

ಆ ಸಂಜೆ ನಾನು ಬಿಟಿಎಂನಲ್ಲಿದ್ದೆ. ಹನ್ನೊಂದು ಜನ ಬಂದಿದ್ದರು. ಮೇಷ್ಟ್ರು ಗೆರೆ ಎಳೆದು, ತಿರುಗಿ, ಅಭ್ಯಾಸದಂತೆ ಕೊನೆಯ ಬೆಂಚನ್ನು ನೋಡಿದರು. ನೋಡಿ ನಿಂತರು. ಕನ್ನಡಕ ಮೇಲೆ ಸರಿಸಿದರು.

"ಅಲ್ಲಿ ಹಸಿರು ದುಪಟ್ಟಾ. ಹೌದಮ್ಮ, ನೀನೇ. ಗೆರೆ ಎಲ್ಲಿ?"

ಶಿವಲೀಲಾ ಹಿಂದೆ ತಿರುಗಿ ನೋಡಿದಳು. ಹಸಿರು ದುಪಟ್ಟಾ ಅಲ್ಲಿ ಇನ್ಯಾರದೂ ಇರಲಿಲ್ಲ.

"ಸರ, ಪಟ್ಟಿ ತಂದಿಲ್ರಿ."

"ಪಟ್ಟಿ ಅಂದ್ರೆ?"

"ಸ್ಕೇಲ್ರಿ ಸರ."

"ಅಕೌಂಟೆನ್ಸಿಗೆ ಸ್ಕೇಲಿಲ್ದೆ ಬರೋದು, ಅಡುಗೆಮನೆಗೆ ಕೈ ಬಿಟ್ಟು ಬಂದ ಹಾಗೆ. ಪಕ್ಕದವನ ಹತ್ರ ತಗೋ. ಆ ಪಫ್ಸಿನ ಹುಡುಗ ಯಾರು? ತಿಂದು ಮುಗಿಸ್ತೀಯೋ, ನಾನು ಕಾಯ್ಲೋ?"

ಜಯನಗರದ ಹುಡುಗರೆಲ್ಲ ಕೊನೆಯ ಬೆಂಚಿನ ಕಡೆ ತಿರುಗಿದರು. ಬಿಟಿಎಂನ ಹನ್ನೊಂದು ಜನ ಸೆಟೆದು ಕೂತರು, ಚಾಚಿದ ಕಾಲುಗಳೆಲ್ಲ ಒಳಕ್ಕೆ ಹೋದವು. ಪಾಠ ಬಿಟ್ಟಾಗ ಪಫ್ಸಿನ ಹುಡುಗ ಮೆಟ್ಟಿಲಲ್ಲಿ ನಿಂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ನಾಳಿಂದ ಬಾರಲೇ ಮಗನ. ಸರ್ ಮಾರಿ ನೋಡಿ ಬೈಯಾಕತ್ತಾರ. ಖರೇನ, ಮಜಾ ಐತಿ." ಅವನ ದನಿಯಲ್ಲಿ ಹೆಮ್ಮೆ ಇತ್ತು. ಎರಡು ವಾರದಲ್ಲಿ ಹಾಜರಿ ಇಪ್ಪತ್ತೊಂಬತ್ತಕ್ಕೆ ಏರಿತು. ಒಂದು ಕರಪತ್ರವನ್ನೂ ಹಂಚಿರಲಿಲ್ಲ.

ತೊಂದರೆ ಇರಲಿಲ್ಲವೆಂದಲ್ಲ. ಮಾತು ಆ ಕಡೆ ಹೋಗಿ ಬರಲು ಎರಡು ಮೂರು ಸೆಕೆಂಡು ಹಿಡಿಯುತ್ತಿತ್ತು. ಜಯನಗರದ "ಆಯ್ತು ಸಾರ್" ಮುಗಿದು, ಎಲ್ಲ ನಿಶ್ಶಬ್ದವಾದ ಮೇಲೆ, ಹಿಂದಿನ ಬೆಂಚಿನಿಂದ ಬಿಟಿಎಂನ "ಆತ್ರೀ ಸರ" ಕೇಳುತ್ತಿತ್ತು. ಮೊದಲು ಎಲ್ಲರೂ ನಗುತ್ತಿದ್ದರು. ಮೇಷ್ಟ್ರು ಮಾತ್ರ ಅದಕ್ಕಾಗಿ ಕಾಯುವುದನ್ನು ಕಲಿತರು. ಆ ಮೂರು ಸೆಕೆಂಡಿನಲ್ಲಿ ಜಯನಗರದಲ್ಲೂ ಕೆಲವರು ಬರೆದದ್ದನ್ನು ತಿದ್ದಿಕೊಳ್ಳಲು ಶುರುಮಾಡಿದರು.

ಅಕ್ಟೋಬರಿನಲ್ಲಿ ಜೆ.ಪಿ. ನಗರದ ಒಬ್ಬ ತಂದೆ ದೂರು ತಂದರು. "ಟೀವಿ ಕ್ಲಾಸಿನವರಿಗೋಸ್ಕರ ನಮ್ಮ ಹುಡುಗನ ಪಾಠ ನಿಧಾನ ಮಾಡ್ತಿದ್ದೀರಂತೆ. ನಾವು ನೇರ ಪಾಠಕ್ಕೆ ದುಡ್ಡು ಕೊಟ್ಟಿರೋದು ಮೇಡಂ." ನಾನು ಬಾಯಿ ತೆರೆಯುವ ಮೊದಲು ಮೇಷ್ಟ್ರು ಹುಡುಗನನ್ನು ಕರೆದು ನೋಟ್‌ಬುಕ್ ತರಿಸಿ, ಜುಲೈ ತಿಂಗಳ ಒಂದು ಹಾಳೆ ಮತ್ತು ಅಕ್ಟೋಬರಿನ ಒಂದು ಹಾಳೆ ತೆರೆದು ಆ ತಂದೆಯ ಮುಂದಿಟ್ಟರು. ಜುಲೈನ ಲೆಕ್ಕ ಅರ್ಧಕ್ಕೆ ನಿಂತಿತ್ತು. ಅಕ್ಟೋಬರಿನದು ಕೊನೆಯವರೆಗೆ ಇತ್ತು. ಅವರು ಎರಡನ್ನೂ ನೋಡಿ, ಮಗನನ್ನು ನೋಡಿ, "ಬರ್ತೀನಿ ಸಾರ್" ಎಂದು ಎದ್ದರು.

ಶಿವಲೀಲಾಳ ಒಂದು ತಿಂಗಳು ಯಾವತ್ತೋ ಮುಗಿದಿತ್ತು. ಅವಳು ಫೀಸಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿಜವಾದ ಪರೀಕ್ಷೆ ಫೆಬ್ರವರಿಯಲ್ಲಿ ಬಂತು. ರಸ್ತೆ ಅಗೆಯುವವರು ಕೇಬಲ್ ಕಡಿದರು. ಐದು ದಿನ ಲೈನ್ ಇಲ್ಲ ಎಂದಾಯಿತು. ಪರೀಕ್ಷೆಗೆ ನಾಲ್ಕು ವಾರ ಉಳಿದಿತ್ತು. ಬನಶಂಕರಿಯಿಂದ ಒಬ್ಬ ಒಳ್ಳೆಯ ಲೆಕ್ಚರರನ್ನು ಹಿಡಿದು, ಐದು ದಿನ ಬಿಟಿಎಂ ಹಾಲಿನಲ್ಲಿ ಖುದ್ದು ನಿಂತು ಪಾಠ ಮಾಡುವಂತೆ ಒಪ್ಪಿಸಿದೆ. ಎದುರಿಗೆ ನಿಲ್ಲುವ ಮೇಷ್ಟ್ರು ಸಿಕ್ಕರೆ ಇವರು ಖುಷಿಪಡುತ್ತಾರೆ ಎಂದುಕೊಂಡೆ. ಮೊದಲ ದಿನ ಪಾಠವಾದ ಮೇಲೆ ಶಿವಲೀಲಾ ಮತ್ತು ನಾಲ್ಕೈದು ಜನ ನನ್ನನ್ನು ಸುತ್ತುವರಿದರು.

"ಮೇಡಂ, ಇವರು ಬ್ಯಾಡ್ರಿ. ನಮ್ಮ ಸರ್ ಬೇಕು."

"ಲೈನ್ ಇಲ್ಲಮ್ಮ. ಇವರು ನಿಮ್ಮ ಎದುರಿಗೇ ಇದ್ದಾರಲ್ಲ, ಇನ್ನೇನು ಬೇಕು?"

"ಎದುರಿಗ್ ಅದಾರ್ರಿ. ಆದ್ರ ಬೋರ್ಡಿಗೆ ಪಾಠ ಮಾಡ್ತಾರ. ಒಮ್ಮಿನೂ ಹೊಳ್ಳಿ ನೋಡ್ಲಿಲ್ಲ."

ಆರು ತಿಂಗಳ ಹಿಂದೆ ಪರದೆಯ ಮೇಲಿನ ಮೇಷ್ಟ್ರು ಬೇಡವೆಂದಿದ್ದವರು, ಈಗ ಮೂರು ಅಡಿ ದೂರದ ಮೇಷ್ಟ್ರನ್ನು ಬಿಟ್ಟು ಐದು ಕಿಲೋಮೀಟರ್ ದೂರದವರೇ ಹತ್ತಿರ ಎನ್ನುತ್ತಿದ್ದರು. ಮರುದಿನ ವಿಷಯ ನಾಗಭೂಷಣ ಮೇಷ್ಟ್ರ ಕಿವಿಗೆ ಬಿತ್ತು. ಮಧ್ಯಾಹ್ನ ನಾಲ್ಕಕ್ಕೆ ಮಂಡಿಗೆ ಪಟ್ಟಿ ಸುತ್ತಿಕೊಂಡು, "ಟ್ರಾಫಿಕ್ ಶುರುವಾಗೋ ಮುಂಚೆ ಹೊರಟುಬಿಡೋಣ, ಆಟೋ ಕರೀರಿ" ಎಂದರು. ಜಯನಗರದ ಬ್ಯಾಚನ್ನು ಆ ನಾಲ್ಕು ದಿನ ಬೆಳಗ್ಗೆಗೆ ಬದಲಿಸಿದೆವು.

ಹಾಲಿಗೆ ಅವರು ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಆಮೇಲೆ ಪಫ್ಸಿನ ಹುಡುಗ ಮೆಲ್ಲಗೆ, "ಸರ, ನೀವು ಇಷ್ಟೇ ಎತ್ತರ ಏನ್ರಿ?" ಎಂದ. ಮೇಷ್ಟ್ರು ಐದು ಅಡಿ ಮೂರಿಂಚು. ಪರದೆಯ ಮೇಲೆ ನಾವು ಅವರನ್ನು ಆರಡಿ ಮಾಡಿಬಿಟ್ಟಿದ್ದೆವು.

"ಉಳಿದ ಒಂಬತ್ತಿಂಚು ಸುಮಿತ್ರಮ್ಮನ ಪ್ರೊಜೆಕ್ಟರಿಂದು" ಎಂದರು ಮೇಷ್ಟ್ರು. "ಕೂತ್ಕೊಳ್ಳಿ. ಶಿವಲೀಲಾ, ಸ್ಕೇಲ್ ಇದೆಯಾ?"

"ಎರಡ್ ಅದಾವ್ರಿ ಸರ."

ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು. ಬಿಟಿಎಂನಿಂದ ಪರೀಕ್ಷೆಗೆ ಕೂತ ಮೂವತ್ತು ಜನರಲ್ಲಿ ಇಪ್ಪತ್ಮೂರು ಜನ ಅಕೌಂಟೆನ್ಸಿ ಪಾಸಾದರು. ಏಳು ಜನ ಆಗಲಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ. ಶಿವಲೀಲಾಳಿಗೆ ಐವತ್ತೆಂಟು ಬಂದಿತ್ತು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತಂದು ತೋರಿಸಿದಳು, ಜೊತೆಗೆ ನರ್ಸಿಂಗ್ ಹೋಮಿನ ನೇಮಕಾತಿ ಪತ್ರವನ್ನೂ. ಜೂನ್ ಒಂದರಿಂದ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕಾಯಂ. ಸಂಬಳದ ಅಂಕಿಯನ್ನು ನೋಡಿ ನಾನು, "ಇನ್ನೂ ಒಂದೈನೂರು ಕೇಳಬೇಕಿತ್ತು" ಎಂದೆ.

"ಕೇಳಿದ್ನಿರಿ" ಎಂದಳು. "ಕೇಳಿದ ಮ್ಯಾಲ ಬಂದದ್ದು ಇದು."

ಮೇಷ್ಟ್ರು ಒಳಗೆ ಬೋರ್ಡು ಒರೆಸುತ್ತಿದ್ದರು. ಅವಳು ಹೋಗಿ ಕಾಲಿಗೆ ನಮಸ್ಕಾರ ಮಾಡಿದಳು. "ಬ್ಯಾಂಕ್ ರೀಕನ್ಸಿಲಿಯೇಷನ್ ಮರೀಬೇಡ, ಅಲ್ಲಿ ದಿನಾ ಬೇಕಾಗುತ್ತೆ" ಎಂದರು ಅವರು. ಬ್ಯಾಂಕಿನವರ ಪುಸ್ತಕ ಮತ್ತು ನಮ್ಮ ಪುಸ್ತಕ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಲೆಕ್ಕ ಅದು. ಅವಳು ತಲೆಯಾಡಿಸಿದಳು.

ಆಮೇಲೆ ಜೆ.ಪಿ. ನಗರದಲ್ಲೂ ಗೊಟ್ಟಿಗೆರೆಯಲ್ಲೂ ವಿಡಿಯೋ ಕ್ಲಾಸು ನಡೆಸಿದೆ. ಕೆಲವು ಬ್ಯಾಚು ಚೆನ್ನಾಗಿ ನಡೆದವು, ಒಂದನ್ನು ಮುಚ್ಚಿದೆ. ಯಂತ್ರಗಳು ಬದಲಾದವು, ಬೆಲೆ ಇಳಿಯಿತು. ವಿದ್ಯಾರ್ಥಿಗಳು ಪರದೆಯ ಪಾಠವನ್ನು ಒಪ್ಪುತ್ತಾರೋ ಇಲ್ಲವೋ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಒಪ್ಪುತ್ತಾರೆ. ಚಿತ್ರ ತುಸು ಮಸುಕಾದರೂ ಸಹಿಸುತ್ತಾರೆ, ಮಾತು ತಡವಾದರೂ ನಗುತ್ತಾರೆ. ತಮಗಾಗಿ ಯಾರೋ ಕಾಯುತ್ತಿದ್ದಾರೆ, ತಾವು ಬಾರದಿದ್ದರೆ ಗೊತ್ತಾಗುತ್ತದೆ ಎಂಬುದು ಖಾತ್ರಿಯಾಗಬೇಕು, ಅಷ್ಟೇ.

ನೀವು ಮಗನಿಗೋ ಮಗಳಿಗೋ, ಅಥವಾ ನಿಮಗೇ, ಇಂಥ ಪಾಠ ಕೊಳ್ಳುವವರಿದ್ದರೆ ಬೆಲೆ ಖಂಡಿತ ಇಳಿಸಿ. ಸಂಕೋಚ ಬೇಡ, ಎಲ್ಲರೂ ಏರಿಸಿಯೇ ಹೇಳುತ್ತಾರೆ. ಆದರೆ ಇಳಿಸುವ ಮೊದಲು ಪಟ್ಟಿಯ ಪ್ರತಿಯೊಂದು ಸಾಲು ಯಾರಿಗಾಗಿ ಇದೆ ಎಂದು ಕೇಳಿ. ವರ್ಷದ ಫೀಸನ್ನು ಒಟ್ಟಿಗೆ ಕಟ್ಟಬೇಡಿ, ಒಂದು ತಿಂಗಳಿಗೆ ಕಟ್ಟಿ. ರಿಯಾಯಿತಿ ಕೊಡುತ್ತೇವೆಂದರೂ ಒಪ್ಪಬೇಡಿ. ಒಂದು ದಿನ ಪಕ್ಕದಲ್ಲಿ ಸುಮ್ಮನೆ ಕೂತು ಪೂರ್ತಿ ಪಾಠ ಕೇಳಿ. ಆಮೇಲೆ ಮಕ್ಕಳನ್ನು "ಕ್ಲಾಸ್ ಹೇಗಿದೆ?" ಎಂದು ಮಾತ್ರ ಕೇಳಬೇಡಿ. ಚೆನ್ನಾಗಿದೆ ಎನ್ನುತ್ತಾರೆ, ಒಳ್ಳೆಯ ಮಕ್ಕಳು. ಇವತ್ತಿನ ನೋಟ್‌ಬುಕ್ ತರಲು ಹೇಳಿ, ಕೊನೆಯ ಲೆಕ್ಕ ಪೂರ್ತಿಯಾಗಿದೆಯೇ ನೋಡಿ.